ಬಳೆಗಾರನನ್ನು ಬಾಳೆಗಾರ ಮಾಡಬೇಡಿ

ಪಿಟೀಲು ಹಿಡಿದು ಇನ್ನೂ ಆರು ತಿಂಗಳಾಗದ ಮಕ್ಕಳಿಗೆಂದು ಕನ್ನಡದ ಜನಪದ ಹಾಡುಗಳನ್ನು ಅಳವಡಿಸಿಕೊಡುವ ಕೆಲಸ ಈಚೆಗೆ ಅಲ್ಲಲ್ಲಿ ಕಣ್ಣಿಗೆ ಬೀಳುತ್ತಿದೆ. ವಾಟ್ಸ್ಯಾಪಿನಲ್ಲಿ ಪಿಡಿಎಫ್ ಬರುತ್ತದೆ, ಜೊತೆಗೆ ನುಡಿಸಿಕೊಳ್ಳಲು ಒಂದು ಟ್ರ್ಯಾಕ್ ಬರುತ್ತದೆ. ಬೇಸಿಗೆ ಶಿಬಿರದ ಕೊನೆಯ ದಿನ ಹದಿನೈದು ಮಕ್ಕಳು ಸಾಲಾಗಿ ನಿಂತು ನುಡಿಸುತ್ತಾರೆ, ಅಪ್ಪ ಅಮ್ಮಂದಿರು ಮೊಬೈಲ್ ಎತ್ತಿ ಹಿಡಿಯುತ್ತಾರೆ. ಈ ಕೆಲಸ ಆಗಬೇಕು ಅನ್ನುವವರಲ್ಲಿ ನಾನೂ ಒಬ್ಬಳು. ಆದರೆ ಅದು ನಡೆಯುತ್ತಿರುವ ರೀತಿಗೆ ನನ್ನ ತಕರಾರಿದೆ. ಹಾಡಿನ ಮಾತು ಕಿತ್ತುಹೋಗಿದೆ, ನಡೆ ನಾಲ್ಕರ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದೆ, ಹಾಡಿದವರ ಹೆಸರು ಎಲ್ಲಿಯೂ ಇಲ್ಲ. ಇಷ್ಟಾದ ಮೇಲೂ ಅದಕ್ಕೆ ‘ನಮ್ಮ ಬೇರು’ ಅಂತ ಹೆಸರಿಡುತ್ತಾರೆ. ನನಗೆ ಸಿಟ್ಟು ಬರುವುದು ಆ ಹೆಸರು ಕೇಳಿದಾಗ.

ನಾನು ಸಂಗೀತದವಳಲ್ಲ. ಪುಣೆಯಲ್ಲಿದ್ದು ಮರಾಠಿ, ಇಂಗ್ಲಿಷ್, ಕನ್ನಡಗಳ ನಡುವೆ ಅನುವಾದ ಮಾಡಿ ಬದುಕುವವಳು. ಓದಿದ್ದು ಭಾಷಾವಿಜ್ಞಾನ. ‘ನಿಮಗೇಕೆ ಪಿಟೀಲಿನ ಉಸಾಬರಿ’ ಎಂದು ಕೇಳುವವರಿಗೆ ಹೇಳುವುದಿಷ್ಟೆ: ಹಾಡಿನಲ್ಲಿ ಅರ್ಧ ಪಾಲು ಮಾತು. ಮಾತಿಗೆ ಏಟು ಬಿದ್ದಾಗ ಮಾತಿನ ಕಸುಬಿನವರು ಬಾಯಿ ಬಿಡದಿದ್ದರೆ ಇನ್ಯಾರು ಬಿಡಬೇಕು?

ತಾಯ್ನುಡಿ ವಿಧಾನದಲ್ಲಿ ತಾಯ್ನುಡಿ ಎಲ್ಲಿ?

ಪುಣೆಯಲ್ಲಿ ಮಗುವನ್ನು ಪಿಟೀಲಿಗೆ ಸೇರಿಸುವ ಕನ್ನಡದ ಮನೆಗಳಿಗೆ ಮೂರು ದಾರಿಗಳಿವೆ. ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳ ಹಿಂದೂಸ್ತಾನಿ ದಾರಿ ಒಂದು. ಸರಳೆ ವರಸೆ, ಜಂಟಿ ವರಸೆ, ಮಲಹರಿಯ ಗೀತೆ ಎಂದು ಮೆಟ್ಟಿಲು ಹತ್ತುವ ಕರ್ನಾಟಕ ಸಂಗೀತದ ದಾರಿ ಇನ್ನೊಂದು. ಲಂಡನ್ನಿನ ಗ್ರೇಡ್ ಪರೀಕ್ಷೆಗಳಿಗೆ ಕೂಡಿಸುವ ಪಾಶ್ಚಾತ್ಯ ದಾರಿ ಮೂರನೆಯದು. ಈ ಮೂರನೆಯ ದಾರಿ ಹಿಡಿದ ಅನೇಕ ಮಕ್ಕಳ ಕೈಗೆ ಮೊದಲು ಬರುವುದು ಸುಜುಕಿ ಪುಸ್ತಕ.

ಶಿನಿಚಿ ಸುಜುಕಿ (1898–1998) ಜಪಾನಿನ ಪಿಟೀಲು ಶಿಕ್ಷಕರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಾತ್ಸುಮೋಟೊ ಎಂಬ ಊರಿನಲ್ಲಿ ಅವರು ಕಟ್ಟಿದ ಕಲಿಕೆಯ ಕ್ರಮ ಜಗತ್ತೆಲ್ಲ ಹರಡಿತು. ಅದರ ಹಿಂದಿನ ಕಾಣ್ಕೆ ಬಹಳ ಸರಳ. ಜಪಾನಿನ ಪ್ರತಿ ಮಗುವೂ ಜಪಾನಿ ಭಾಷೆ ಮಾತಾಡುತ್ತದೆ. ಯಾವ ಮಗುವೂ ‘ನನಗೆ ಭಾಷೆಯ ಪ್ರತಿಭೆ ಇಲ್ಲ’ ಎಂದು ಬಿಟ್ಟುಬಿಡುವುದಿಲ್ಲ. ಕೇಳಿ ಕೇಳಿ, ಅಂದು ಅಂದು, ಸುತ್ತ ಇರುವವರು ಮೆಚ್ಚಿ ಮೆಚ್ಚಿ ಮಾತು ಬರುತ್ತದೆ. ಸಂಗೀತವೂ ಹಾಗೆಯೇ ಬರಬೇಕು ಎಂದರು ಸುಜುಕಿ. ಈ ಕ್ರಮಕ್ಕೆ ‘ತಾಯ್ನುಡಿ ವಿಧಾನ’ ಎಂದೇ ಹೆಸರು.

ಆ ಮಾತಿಗೆ ನಾನು ಕೈಮುಗಿಯುತ್ತೇನೆ. ಆದರೆ ಪುಸ್ತಕ ತೆರೆದು ನೋಡಿ. ಮೊದಲನೆಯ ಭಾಗದಲ್ಲಿ 17 ಪಾಠಗಳು. ಶುರುವಾಗುವುದು ‘ಟ್ವಿಂಕಲ್’ ಹಾಡಿನ ಬಗೆಬಗೆಯ ರೂಪಗಳಿಂದ. ಆ ಧಾಟಿ ಹದಿನೆಂಟನೆಯ ಶತಮಾನದ ಫ್ರಾನ್ಸಿನದು. ಅದರ ಹಿಂದೆ ಯುರೋಪು, ಅಮೆರಿಕಗಳ ಮಕ್ಕಳ ಹಾಡು, ಜನಪದ ಹಾಡುಗಳು ಬರುತ್ತವೆ. ಕೊನೆಕೊನೆಗೆ ಬಾಖ್, ಶೂಮನ್, ಗೊಸ್ಸೆಕ್. ಪುಸ್ತಕ ಸೊಗಸಾಗಿದೆ, ಬೆರಳಿಗೂ ಕಮಾನಿಗೂ ಒಂದೊಂದೇ ಹೊಸ ಕೆಲಸ ಕೊಡುತ್ತ ಹೋಗುವ ಅದರ ಜಾಣತನಕ್ಕೆ ಎರಡು ಮಾತಿಲ್ಲ. ಜರ್ಮನಿಯ ಮಗುವಿಗೆ, ಇಂಗ್ಲೆಂಡಿನ ಮಗುವಿಗೆ ಆ ಹಾಡುಗಳು ತೊಟ್ಟಿಲಿನಿಂದಲೇ ಗೊತ್ತು. ಬೆರಳು ತಪ್ಪಾದರೆ ಕಿವಿ ಎಚ್ಚರಿಸುತ್ತದೆ. ನಮ್ಮ ಮಗುವಿಗೆ ಆ ಅನುಕೂಲ ಇಲ್ಲ. ಅದು ಧಾಟಿಯನ್ನೂ ಬೆರಳನ್ನೂ ಒಟ್ಟಿಗೆ ಕಲಿಯಬೇಕು. ತಾಯ್ನುಡಿ ವಿಧಾನದ ಒಳಗೆ ತಾಯ್ನುಡಿಯೇ ಇಲ್ಲ.

ಹಾಗಿದ್ದರೆ ಕನ್ನಡದ ಹಾಡುಗಳನ್ನು ತರುವುದು ಸರಿಯಾದ ಕೆಲಸವೇ ಅಲ್ಲವೆ? ಖಂಡಿತ ಸರಿ. ಇದಕ್ಕೆ ನಮ್ಮಲ್ಲಿ ಹಳೆಯ ಮೇಲ್ಪಂಕ್ತಿಯೂ ಇದೆ. ಪಿಟೀಲು ದಕ್ಷಿಣ ಭಾರತದ ಸಂಗೀತಕ್ಕೆ ಬಂದ ಕಥೆಯಲ್ಲಿ ಬಾಲುಸ್ವಾಮಿ ದೀಕ್ಷಿತರ ಹೆಸರು ಮೊದಲು ಬರುತ್ತದೆ. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷರ ಬ್ಯಾಂಡಿನ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತದ ಸಾಹಿತ್ಯ ಕಟ್ಟಿದರು. ‘ನೋಟ್ಟುಸ್ವರ’ ಎಂದು ಹೆಸರಾದ ಆ ರಚನೆಗಳನ್ನು ಇವತ್ತಿಗೂ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾರೆ. ಗಮನಿಸಿ: ದೀಕ್ಷಿತರು ಹೊರಗಿನಿಂದ ಬಂದ ಧಾಟಿಗೆ ಮಾತು ಕೊಟ್ಟರು. ನಮ್ಮ ಕಾಲದ ಅಳವಡಿಕೆಯವರು ಮನೆಯೊಳಗಿನ ಧಾಟಿಯಿಂದ ಮಾತು ಕಿತ್ತುಹಾಕುತ್ತಿದ್ದಾರೆ.

‘ಪಿಟೀಲು ಮಾತಾಡುವುದಿಲ್ಲವಲ್ಲ’

ಒಂದು ಉದಾಹರಣೆ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಪುಸ್ತಕದ ಕೆಲಸ ನನಗೆ ಬಂತು. ಆರಂಭದ ಹಂತದ ಪಿಟೀಲಿಗೆ ಕನ್ನಡ, ಮರಾಠಿಯ ಹತ್ತಾರು ಜನಪದ ಹಾಡುಗಳು. ಪ್ರತಿ ಹಾಡಿನ ಹೆಸರನ್ನು ರೋಮನ್ ಲಿಪಿಯಲ್ಲಿ ಸರಿಯಾಗಿ ಬರೆದು, ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲಿನ ತಾತ್ಪರ್ಯ ಕೊಡಬೇಕು. ಸ್ವರಗಳ ಕೆಳಗೆ ಹಾಡಿನ ಮಾತು ಇರಲಿಲ್ಲ. ‘ಅಕ್ಷರ ಅಕ್ಷರವಾಗಿ ಕೆಳಗೆ ಹಾಕೋಣ, ನಾನೇ ಬರೆದುಕೊಡುತ್ತೇನೆ, ಅದಕ್ಕೆ ಬೇರೆ ದುಡ್ಡು ಬೇಡ’ ಎಂದೆ. ಬಂದ ಉತ್ತರ: ‘ಪಿಟೀಲು ಮಾತಾಡುವುದಿಲ್ಲವಲ್ಲ, ಮೇಡಂ.’

ಮಾತಾಡುತ್ತದೆ. ಆ ಪುಸ್ತಕದಲ್ಲಿ ಬಳೆಗಾರನ ಹಾಡು ಇತ್ತು. ಮದುವೆಯಾಗಿ ಬಂದ ಹೆಣ್ಣು ಬಳೆಗಾರನನ್ನು ತನ್ನ ತವರಿಗೆ ಹೋಗಿ ಬಾ ಎನ್ನುತ್ತಾಳೆ, ಅವನು ದಾರಿ ಗೊತ್ತಿಲ್ಲ ಎನ್ನುತ್ತಾನೆ, ಅವಳು ಗುರುತು ಹೇಳುತ್ತಾಳೆ. ನಿಮಗೆಲ್ಲ ಗೊತ್ತಿರುವ ಹಾಡು. ಅಳವಡಿಸಿದವರು ‘ಬಳೆಗಾರ’ದ ಮೊದಲ ಅಕ್ಷರಕ್ಕೆ ಎರಡು ಎಣಿಕೆಯ ಉದ್ದನೆಯ ಸ್ವರ ಕೊಟ್ಟು, ‘ಗಾ’ಕ್ಕೆ ಅರ್ಧ ಎಣಿಕೆ ಕೊಟ್ಟಿದ್ದರು. ಬರೆದಿದ್ದನ್ನು ಬರೆದಂತೆ ಹಾಡಿ ನೋಡಿ: ಬಾಳೆಗರ. ಬಳೆ ಮಾರುವವನು ಬಾಳೆಹಣ್ಣು ಮಾರುವವನಾದ. ಅದೇ ಪುಸ್ತಕದಲ್ಲಿ, ಮೂರು-ನಾಲ್ಕು ಮಾತ್ರೆಗಳ ನಡೆಯ ಗೋವಿನ ಹಾಡನ್ನು ನಾಲ್ಕು-ನಾಲ್ಕಾಗಿ ಹಿಗ್ಗಿಸಿದ್ದರು. ಆ ಹಸುವಿನ ಓಟದಲ್ಲಿರುವ ಎಡಬಲದ ತೂಗಾಟ ಹೋಗಿ, ಪೆರೇಡಿನ ಹೆಜ್ಜೆ ಬಂದಿತ್ತು.

ಬೀಸುವ ಕಲ್ಲಿನ ಪದ ಒಂದಿತ್ತು. ಅದರ ಸ್ವರಗಳನ್ನು ಬರೆದ ಹಾಗೆಯೇ ಗುನುಗಿ, ನಮ್ಮ ಕಟ್ಟಡದ ಮೂರು ಮನೆಗಳಲ್ಲಿ ಅಡುಗೆ ಮಾಡುವ, ಇಂಡಿ ತಾಲೂಕಿನಿಂದ ಬಂದ ಹಿರಿಯ ಹೆಣ್ಣುಮಗಳೊಬ್ಬರಿಗೆ ಕೇಳಿಸಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ‘ಹೀಂಗ ಹಾಡಿದ್ರ ಕಲ್ಲ ತಿರಗೂದಿಲ್ಲ, ಯವ್ವಾ’ ಎಂದರು. ಸಂಗೀತ ವಿಮರ್ಶೆ ಎಂದರೆ ನನಗೆ ಗೊತ್ತಿರುವುದು ಈ ಒಂದು ವಾಕ್ಯ. ಇದಕ್ಕಿಂತ ನಿಖರವಾದದ್ದನ್ನು ನಾನು ಓದಿಲ್ಲ.

ಉದ್ದ, ಗಿಡ್ಡ, ಒತ್ತು

ಸ್ವಲ್ಪ ವ್ಯಾಕರಣ ಸಹಿಸಿಕೊಳ್ಳಿ. ಕನ್ನಡದಲ್ಲಿ ಸ್ವರದ ಉದ್ದ ಅರ್ಥವನ್ನು ಬದಲಾಯಿಸುತ್ತದೆ. ಬಳೆ ಬೇರೆ, ಬಾಳೆ ಬೇರೆ. ಮರ ಬೇರೆ, ಮಾರ ಬೇರೆ. ವ್ಯಂಜನದ ಒತ್ತೂ ಹಾಗೆಯೇ: ಎಲೆ ಗಿಡದ ಮೇಲಿರುತ್ತದೆ, ಎಲ್ಲೆ ಹೊಲದ ಬದಿಗಿರುತ್ತದೆ. ಇಂಗ್ಲಿಷಿನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಉಚ್ಚಾರದ ಬಲ. ಬಲ ಬಿದ್ದ ಅಕ್ಷರ ತಾಳದ ಪೆಟ್ಟಿನ ಮೇಲೆ ಬಿದ್ದರೆ ಸಾಕು, ಉಳಿದವು ಹೇಗೋ ಹೊಂದಿಕೊಳ್ಳುತ್ತವೆ. ಇಂಗ್ಲಿಷ್ ಹಾಡುಗಳ ಲೆಕ್ಕದಲ್ಲಿ ಬೆಳೆದ ಅಳವಡಿಕೆಯ ಪಾಠವನ್ನು ಕನ್ನಡಕ್ಕೆ ಹೊದಿಸಿದರೆ ಪೆಟ್ಟು ಸರಿ ಬೀಳುತ್ತದೆ, ಅಳತೆ ಕೆಡುತ್ತದೆ.

‘ಹಾಡುವಾಗ ಎಲ್ಲರೂ ಅಕ್ಷರ ಎಳೆಯುತ್ತಾರಲ್ಲ’ ಎನ್ನಬಹುದು. ಎಳೆಯುತ್ತಾರೆ, ಆದರೆ ಬೇಕೆಂದಲ್ಲಿ ಎಳೆಯುವುದಿಲ್ಲ. ತ್ರಿಪದಿಯನ್ನೇ ತೆಗೆದುಕೊಳ್ಳಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು 700ರ ಹೊತ್ತಿಗೆ, ಕಲ್ಲಿನ ಮೇಲೆ ಕಾಣಿಸಿಕೊಂಡ ಈ ಛಂದಸ್ಸು ಇಂದಿಗೂ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದೆ. ಇದು ಅಂಶಗಣದ ಪದ್ಯ. ಮೂರು ಸಾಲಿನಲ್ಲಿ ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಅಂಶಗಣದ ಸೊಗಸು ಎಂದರೆ ಅದಕ್ಕೆ ಹಿಗ್ಗುವ ಕುಗ್ಗುವ ಗುಣವಿದೆ. ಹಾಡುಗಾರ್ತಿ ಒಂದು ಅಂಶವನ್ನು ಹಿಗ್ಗಿಸುತ್ತಾಳೆ, ಇನ್ನೊಂದನ್ನು ಎರಡು ಚಿಕ್ಕ ಅಕ್ಷರಗಳಿಂದ ತುಂಬುತ್ತಾಳೆ, ಪದದ ಕೊನೆಯಲ್ಲಿ ಉಸಿರು ಚಾಚುತ್ತಾಳೆ. ಆದರೆ ಆ ಹಿಗ್ಗು ಕುಗ್ಗು ನಡೆಯುವುದು ಕನ್ನಡದ ಕಿವಿಯ ಹಿಡಿತದಲ್ಲಿ. ಕೇಳುವವರಿಗೆ ಪದ ಗುರುತು ಸಿಗದಷ್ಟು ಅವಳು ಎಂದೂ ಹಿಗ್ಗಿಸುವುದಿಲ್ಲ.

ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಒಂದು ಪಾಲು ಮರಳಿ ಬರುತ್ತದೆ. ಬರೆದಾಗ ಮೂರು ಸಾಲು, ಬಾಯಲ್ಲಿ ನಾಲ್ಕು. ಆ ಮರುಕೊಳ ಬರಿಯ ಭರ್ತಿಯಲ್ಲ. ಮೂರನೆಯ ಸಾಲಿಗೆ ಕಾಯಿಸುವ ಉಪಾಯ ಅದು. ಗಾದೆಯಂಥ ಮಾತು, ಕಣ್ಣೀರು ತರಿಸುವ ಮಾತು ಬರುವುದು ಆ ಕೊನೆಯ ಸಾಲಿನಲ್ಲೇ. ಹೊಸದಾಗಿ ಕಲಿಯುವ ಮಗುವಿಗಂತೂ ಮರುಕೊಳ ವರವಿದ್ದಂತೆ: ಒಮ್ಮೆ ಕಲಿತದ್ದನ್ನು ತಕ್ಷಣ ಮತ್ತೊಮ್ಮೆ ನುಡಿಸುವ ಅವಕಾಶ. ನಾನು ನೋಡಿದ ಅಳವಡಿಕೆಯಲ್ಲಿ ಹಾಡು ಎಂಟು ಅಳತೆಗೆ ಸರಿಹೋಗಲಿ ಎಂದು ಅದನ್ನೇ ಕತ್ತರಿಸಿದ್ದರು.

ಇದೆಲ್ಲ ಕಮಾನಿನಲ್ಲಿ ಹೇಳಲು ಬರುವುದಿಲ್ಲವೆ? ಚೆನ್ನಾಗಿ ಬರುತ್ತದೆ. ಪಿಟೀಲಿನ ಕಮಾನಿಗೆ ಉದ್ದವೇ ಭಾಷೆ. ದೀರ್ಘ ಅಕ್ಷರಕ್ಕೆ ಒಂದು ಉದ್ದನೆಯ ಎಳೆತ. ಎರಡು ಹ್ರಸ್ವಗಳಿಗೆ ಎರಡು ಗಿಡ್ಡ ಎಳೆತ, ಇಲ್ಲವೆ ಒಂದೇ ಎಳೆತದಲ್ಲಿ ನಡುವೆ ಸಣ್ಣ ತಡೆ. ಒತ್ತಕ್ಷರ ಬಂದಾಗ ಕಮಾನು ತಂತಿಯ ಮೇಲೇ ಒಂದು ಕ್ಷಣ ನಿಲ್ಲಬೇಕು, ನಾಲಿಗೆ ‘ಎಲ್ಲೆ’ಯಲ್ಲಿ ನಿಲ್ಲುವ ಹಾಗೆ. ಮೊದಲ ವರ್ಷದ ಮಗುವಿಗೆ ಪಾಶ್ಚಾತ್ಯ ಪಾಠಗಳು ಕಲಿಸುವ ಕೆಲಸಗಳೇ ಇವು. ಕಲಿಸಲು ಹೊಸದಾಗಿ ಅಭ್ಯಾಸ ಕಟ್ಟಬೇಕಿಲ್ಲ, ಕನ್ನಡವೇ ಅಭ್ಯಾಸವಾಗುತ್ತದೆ. ಪದದ ಮೊದಲ ಅಕ್ಷರವೇ ಗಟ್ಟಿಯಾಗಿರುವ ಭಾಷೆ ನಮ್ಮದು, ಪ್ರತ್ಯಯಗಳೆಲ್ಲ ಹಿಂದೆ ಅಂಟುತ್ತವೆ. ಪದ ಶುರುವಾದಾಗ ಕಮಾನು ಕೆಳಕ್ಕೆ ಇಳಿದರೆ ಕೈಯ ತೂಕವೂ ಮಾತಿನ ತೂಕವೂ ಒಟ್ಟಿಗೆ ಬೀಳುತ್ತವೆ.

ಹಂಗೇರಿಯ ಹಳ್ಳಿಗಳಿಂದ ಒಂದು ಪಾಠ

ನಮ್ಮ ಭಾಷೆಗೆ ಇಂಗ್ಲಿಷಿಗಿಂತ ಹತ್ತಿರದ ಮಾದರಿಯೊಂದು ಯುರೋಪಿನಲ್ಲೇ ಇದೆ. ಹಂಗೇರಿಯನ್ ಭಾಷೆಯಲ್ಲಿ ಬಲ ಬೀಳುವುದು ಮೊದಲ ಅಕ್ಷರದ ಮೇಲೆ, ಪ್ರತ್ಯಯಗಳು ಹಿಂದೆ ಅಂಟುತ್ತವೆ, ಸ್ವರದ ಉದ್ದಕ್ಕೂ ವ್ಯಂಜನದ ಒತ್ತಿಗೂ ಅರ್ಥ ಬದಲಾಯಿಸುವ ಶಕ್ತಿ ಇದೆ. ಕನ್ನಡಕ್ಕೂ ಅದಕ್ಕೂ ನೆಂಟಸ್ತನವಿಲ್ಲ, ಸ್ವಭಾವ ಮಾತ್ರ ಹೋಲುತ್ತದೆ. ಆ ಭಾಷೆಯ ಹಳ್ಳಿಗಳಲ್ಲಿ 1905–06ರ ಸುಮಾರಿಗೆ ಬೇಲಾ ಬಾರ್ತೋಕ್ ಮತ್ತು ಝೋಲ್ತಾನ್ ಕೊದಾಯ್ ಹಾಡು ಹುಡುಕುತ್ತ ತಿರುಗಿದರು. ಮೇಣದ ಉರುಳೆಯ ಫೋನೋಗ್ರಾಫ್ ಹೊತ್ತುಕೊಂಡು, ಧಾಟಿಯ ಜೊತೆ ಮಾತನ್ನೂ, ಊರನ್ನೂ, ಹಾಡಿದವರನ್ನೂ ಬರೆದಿಟ್ಟುಕೊಂಡರು.

1931ರಲ್ಲಿ ಎರಿಕ್ ಡೋಫ್ಲೈನ್ ಎಂಬ ಜರ್ಮನ್ ಪಿಟೀಲು ಶಿಕ್ಷಕರು ಕಲಿಯುವವರಿಗಾಗಿ ಏನಾದರೂ ಬರೆದುಕೊಡಿ ಎಂದು ಬಾರ್ತೋಕರನ್ನು ಕೇಳಿದರು. ಎರಡು ಪಿಟೀಲುಗಳಿಗೆ 44 ಜೋಡಿ ರಚನೆಗಳು ಬಂದವು. ಎರಡನ್ನು ಬಿಟ್ಟು ಉಳಿದೆಲ್ಲವೂ ಜನಪದ ಧಾಟಿಗಳು: ಹಂಗೇರಿ, ಸ್ಲೊವಾಕಿಯಾ, ರೊಮೇನಿಯಾಗಳವು, ಸೆರ್ಬಿಯಾ, ರುಥೇನಿಯಾಗಳವು, ಒಂದು ಅರಬರದು. ಸುಲಭದಿಂದ ಕಷ್ಟಕ್ಕೆ ಜೋಡಿಸಿದವು. ಸುಲಭ ಎಂದರೆ ಸಪ್ಪೆ ಎಂದು ಅಲ್ಲಿ ಅರ್ಥವಿಲ್ಲ. ಬೆರಳಿಗೆ ಹಗುರ, ಕಿವಿಗೆ ಕಸು. ಹಂಗೇರಿಯನ್ ಧಾಟಿಯನ್ನು ಜರ್ಮನ್ ತಾಳಕ್ಕೆ ಬಗ್ಗಿಸಿಲ್ಲ, ಹಳ್ಳಿಯ ಸ್ವರಶ್ರೇಣಿಯನ್ನು ನಯಗೊಳಿಸಿಲ್ಲ. ಕೊದಾಯ್ ಅವರಂತೂ ಇನ್ನೂ ಹಿಂದಕ್ಕೆ ಹೋಗಿ, ಮಗು ಮೊದಲು ಹಾಡಲಿ, ವಾದ್ಯ ಆಮೇಲೆ ಎಂದರು. ಅಳವಡಿಕೆಯನ್ನು ಹೀಗೂ ಮಾಡಲು ಸಾಧ್ಯ ಎಂದು ತೋರಿಸಿ ತೊಂಬತ್ತು ವರ್ಷಗಳ ಮೇಲಾಯಿತು. ನಮ್ಮ ಪಿಡಿಎಫ್ ಮಾಡುವವರಿಗೆ ಅದು ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಅದಕ್ಕೆ ಬೇಕಾದ ತಿರುಗಾಟ ಬೇಡವಾಗಿದೆ, ಅಷ್ಟೆ.

‘ಮೂಲ: ಜಾನಪದ’

ನನ್ನ ಸಿಟ್ಟಿನ ದೊಡ್ಡ ಪಾಲು ಈ ಎರಡು ಪದಗಳ ಮೇಲೆ. ಅಳವಡಿಕೆ ಕೂಡ ಅನುವಾದವೇ, ಒಂದು ಮಾಧ್ಯಮದಿಂದ ಇನ್ನೊಂದಕ್ಕೆ. ನಾನು ಒಂದು ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತಂದು, ಮುಖಪುಟದ ಮೇಲೆ ನನ್ನ ಹೆಸರು ದಪ್ಪಗೆ ಹಾಕಿ, ಲೇಖಕರ ಜಾಗದಲ್ಲಿ ‘ಮೂಲ: ಮರಾಠಿ’ ಎಂದು ಬರೆದರೆ ನೀವು ಸುಮ್ಮನಿರುತ್ತೀರಾ? ಹಾಡಿನ ವಿಷಯದಲ್ಲಿ ಸುಮ್ಮನಿದ್ದೇವೆ. ಹಾಡು ಯಾರದೂ ಅಲ್ಲ, ಆದ್ದರಿಂದ ತೆಗೆದುಕೊಂಡವರದು ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಕಾನೂನೂ ಹೆಚ್ಚು ನೆರವಿಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಜಾನಪದಕ್ಕೆಂದು ಬೇರೆ ರಕ್ಷಣೆ ಇಲ್ಲ. 1994ರ ತಿದ್ದುಪಡಿಯಿಂದ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಒಂದಿಷ್ಟು ಹಕ್ಕು ಬಂದಿದೆ. ಆದರೆ ಅವರಿಂದ ಕೇಳಿ ಕಲಿತ ಧಾಟಿಯನ್ನು ಸ್ವರದಲ್ಲಿ ಬರೆದುಕೊಂಡವರ ಅಳವಡಿಕೆ ಬರೆದುಕೊಂಡವರ ಸ್ವತ್ತಾಗುತ್ತದೆ. ಕಾನೂನು ಕೇಳದಿದ್ದರೇನು, ಮರ್ಯಾದೆ ಕೇಳುವುದಿಲ್ಲವೆ?

ಮಾದರಿ ಬೇಕೆನ್ನುವವರು ದೂರ ಹೋಗಬೇಕಿಲ್ಲ. ಇದೇ ಪುಣೆಯಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ ತಮ್ಮ ಸಂಗಾತಿಗಳೊಂದಿಗೆ ಹಳ್ಳಿಹಳ್ಳಿ ತಿರುಗಿ ಮರಾಠಿಯ ಬೀಸುವ ಕಲ್ಲಿನ ಓವಿಗಳನ್ನು ಕೂಡಿಹಾಕಿದರು. ಒಂದು ಲಕ್ಷಕ್ಕೂ ಹೆಚ್ಚು ಓವಿಗಳು. ಸಂಗೀತದ ಕಂಪ್ಯೂಟರ್ ಪರಿಣತ ಬೆರ್ನಾರ್ ಬೆಲ್ ಸೇರಿಕೊಂಡ ಮೇಲೆ ಧ್ವನಿಯೂ ದಾಖಲಾಯಿತು. 2017ರಿಂದ ಅವು ಪರಿ ಜಾಲತಾಣದಲ್ಲಿ ಪ್ರಕಟವಾಗುತ್ತಿವೆ. ಅಲ್ಲಿ ಹಾಡಿನ ಜೊತೆಗೆ ಹಾಡಿದ ಹೆಂಗಸಿನ ಹೆಸರಿದೆ, ಊರಿದೆ, ತಾಲೂಕಿದೆ, ಕಸುಬಿದೆ. ‘ಮೂಲ: ಜಾನಪದ’ ಎಂದು ಕೈತೊಳೆದುಕೊಂಡಿಲ್ಲ.

ನಮ್ಮಲ್ಲಿ ಇಂಥ ಹಂಬಲವೇ ಇರಲಿಲ್ಲ ಎಂದರೆ ಹಿರಿಯರಿಗೆ ಅನ್ಯಾಯವಾಗುತ್ತದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೈಯಿಂದ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಬಾರ್ತೋಕರ 44 ಜೋಡಿಗಳು ಹುಟ್ಟಿದ ವರ್ಷವೂ ಅದೇ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಬಂತು. ಆದರೆ ನಮ್ಮ ದೊಡ್ಡ ಸಂಕಲನಗಳಲ್ಲಿ ಬಹುಪಾಲು ಉಳಿದದ್ದು ಸಾಹಿತ್ಯ. ಹಲಸಂಗಿ ಗೆಳೆಯರ ಕೈಯಲ್ಲಿ ಫೋನೋಗ್ರಾಫ್ ಇರಲಿಲ್ಲ, ಅವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಅದರಿಂದ ಏನಾಯಿತು ನೋಡಿ. ಪುಸ್ತಕದಲ್ಲಿ ಮಾತಿದೆ, ಧಾಟಿಯಿಲ್ಲ. ಈಗ ಪಿಟೀಲಿನ ಪುಸ್ತಕದಲ್ಲಿ ಧಾಟಿಯಿದೆ, ಮಾತಿಲ್ಲ. ಎರಡೂ ಒಟ್ಟಿಗೆ ಇರುವುದು ಹಾಡುವವರ ಬಾಯಲ್ಲಿ ಮಾತ್ರ, ಅವರಿಗೆ ವಯಸ್ಸಾಗುತ್ತಿದೆ.

ಆ ಬಾಯಿ ಎಲ್ಲಿದೆ ಎಂಬುದೂ ಮುಖ್ಯ. ಕುಂದಗೋಳದ ರಾಮಭಾವು ಅವರ ನೆನಪಿಗೆ 1953ರಿಂದ ಪುಣೆ ಸವಾಯಿ ಗಂಧರ್ವ ಉತ್ಸವ ನಡೆಸಿಕೊಂಡು ಬಂದಿದೆ. ಗದಗಿನ ಭೀಮಸೇನ ಜೋಶಿಯವರನ್ನು ಪುಣೆ ತನ್ನವರೆಂದೇ ಎಣಿಸುತ್ತದೆ. ಕನ್ನಡದ ಗಂಟಲಿಗೆ ಈ ಊರಿನಲ್ಲಿ ಮರ್ಯಾದೆ ಕಡಿಮೆಯಿಲ್ಲ. ಆದರೆ ಕಲಬುರಗಿ, ವಿಜಯಪುರ, ಯಾದಗಿರಿಗಳಿಂದ ಬಂದು ಇಲ್ಲಿಯ ಕಟ್ಟಡಗಳಿಗೆ ಇಟ್ಟಿಗೆ ಹೊರುವ, ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಕ್ಕಳ ಗಂಟಲೂ ಕನ್ನಡದ್ದೇ. ಬಾಲ್ಕನಿಯಿರುವ ಮನೆಯ ಮಗು ಯೂಟ್ಯೂಬಿನ ಟ್ರ್ಯಾಕಿಗೆ ‘ಕನ್ನಡ ಫೋಕ್’ ನುಡಿಸುತ್ತಿರುವಾಗ, ಆ ಹಾಡನ್ನು ಅವ್ವನಿಂದ ಕಲಿತವಳು ಅದೇ ಮನೆಯ ಅಡುಗೆಕಟ್ಟೆಯ ಹತ್ತಿರ ನಿಂತಿರಬಹುದು. ಅವಳನ್ನು ಯಾರೂ ಕೇಳುವುದಿಲ್ಲ. ಬೇರು ಹುಡುಕುವ ಉತ್ಸಾಹಕ್ಕೆ ಬೇರು ಕಾಲಡಿಯಲ್ಲೇ ಇರುವುದು ಕಾಣುವುದಿಲ್ಲ.

ಆಕ್ಷೇಪಗಳು

ಮೊದಲನೆಯದು: ಮಕ್ಕಳಿಗೆ ಸುಲಭ ಮಾಡಬೇಡವೆ? ಮಾಡಬೇಕು. ಗಮಕ ಬಿಡಿ, ಜಾರು ಬಿಡಿ, ಒಂದೇ ನುಡಿ ಸಾಕು, ನಿಧಾನವಾಗಿ ನುಡಿಸಿ. ಅಷ್ಟೂ ಬಿಟ್ಟಮೇಲೆ ಉಳಿಯಲೇಬೇಕಾದದ್ದು ಅಕ್ಷರದ ಅಳತೆ. ಅದೂ ಕಷ್ಟವಾದರೆ ಬೇರೆ ಹಾಡು ಆರಿಸಿ. ನಮ್ಮ ಎಷ್ಟೋ ಪದಗಳ ಧಾಟಿ ನಾಲ್ಕೈದು ಸ್ವರಗಳನ್ನು ದಾಟುವುದಿಲ್ಲ. ಪಿಟೀಲಿನ ಒಂದು ತಂತಿಯ ಮೇಲೆ ಬರಿ ತಂತಿಯಿಂದ ಕಿರುಬೆರಳಿನವರೆಗೆ ಸಿಗುವುದು ಸಾ ಇಂದ ಪಾ ವರೆಗೆ. ಇಡೀ ಹಾಡು ಒಂದೇ ತಂತಿಯಲ್ಲಿ ಮುಗಿಯುತ್ತದೆ! ಇದಕ್ಕಿಂತ ಸುಲಭದ ಪಾಠ ಯಾವ ದೇಶದ ಪುಸ್ತಕದಲ್ಲಿದೆ?

ಎರಡನೆಯದು ಶಾಸ್ತ್ರೀಯದವರದು: ಜನಪದ ಹಾಡಿನಿಂದ ಕೈ ಕೆಡುತ್ತದೆ, ಶ್ರುತಿ ಕೆಡುತ್ತದೆ, ಮೊದಲು ವರಸೆ ಗಟ್ಟಿಯಾಗಲಿ. ವರಸೆ ಗಟ್ಟಿಯಾಗಲಿ, ಬೇಡವೆಂದವರಾರು? ಆದರೆ ಶ್ರುತಿಯ ವಿಷಯ ಬೇರೆ. ಹಾಡುಗಾರ್ತಿಯರ ಗಾಂಧಾರ ಹಲವು ಸಲ ಎರಡು ಗಾಂಧಾರಗಳ ನಡುವೆ ಎಲ್ಲೋ ನಿಲ್ಲುತ್ತದೆ. ಫಿಂಗರ್‌ಬೋರ್ಡಿನ ಮೇಲೆ ಅಂಟಿಸಿದ ಬಣ್ಣದ ಟೇಪಿಗೆ ಅದು ಸಿಗುವುದಿಲ್ಲ. ಟೇಪು ನೋಡದೆ ಕಿವಿಯಿಂದ ಬೆರಳಿಡುವುದನ್ನು ಕಲಿಸುವ ಪಾಠ ಬೇಕೆಂದರೆ ಇದೇ ಪಾಠ.

ಮೂರನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ: ಜನಪದ ಹಾಡು ಬಾಯಿಂದ ಬಾಯಿಗೆ ಬದಲಾಗುತ್ತಲೇ ಬಂದದ್ದು, ಪಿಟೀಲು ಇನ್ನೊಂದು ಬಾಯಿ, ಬದಲಾದರೆ ಏನು ತಪ್ಪು? ಒಪ್ಪುತ್ತೇನೆ, ಬದಲಾಗಲಿ. ಆದರೆ ಇಂಡಿಯ ಹೆಂಗಸು ಹಾಡನ್ನು ಬದಲಾಯಿಸಿದಾಗ ಬದಲಾಯಿಸುವುದು ಆ ಹಾಡಿನ ಮಾತು ತಿಳಿದ ಬಾಯಿ. ಪಕ್ಕದ ಊರಿನವಳ ಬದಲಾವಣೆಯೂ ಅದರ ಜೊತೆ ಉಳಿಯುತ್ತದೆ. ಅಚ್ಚಾದ ಸ್ವರಲಿಪಿ ಹಾಗಲ್ಲ, ಅದು ಉಳಿದ ರೂಪಗಳನ್ನೆಲ್ಲ ಒರೆಸಿ ತಾನೊಂದೇ ನಿಲ್ಲುತ್ತದೆ. ನೂರು ಮಕ್ಕಳು ಅದನ್ನೇ ಕಲಿತರೆ ಬಾಳೆಗಾರನೇ ಪರಂಪರೆಯಾಗುತ್ತಾನೆ.

ನಾಲ್ಕನೆಯದನ್ನು ಪುಣೆಯ ಕನ್ನಡಿಗರೇ ಹೇಳುತ್ತಾರೆ: ನಮ್ಮ ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೆ, ಮಾತು ಕೊಟ್ಟರೂ ಅರ್ಥವಾಗುವುದಿಲ್ಲ, ಧಾಟಿಯಾದರೂ ಬರಲಿ. ಇದು ನನಗೆ ಅತ್ಯಂತ ನೋವಿನ ಮಾತು. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗುವಿಗೆ ಕನ್ನಡ ತೆಳುವಾಗುವುದು ಮೊದಲು ಉದ್ದ ಗಿಡ್ಡಗಳಲ್ಲಿ, ಒತ್ತಿನಲ್ಲಿ. ‘ಎಲ್ಲ’ ‘ಎಲ’ ಆಗುತ್ತದೆ. ಹಾಡಿನ ಮಾತನ್ನು ಬಾಯಲ್ಲಿ ಹಾಡಿ, ಅದೇ ಅಳತೆಯನ್ನು ಕಮಾನಿನಲ್ಲಿ ಎಳೆದ ಮಗುವಿಗೆ ಆ ವ್ಯತ್ಯಾಸ ಕೈಯಿಂದಲೂ ಕಲಿತ ಹಾಗಾಗುತ್ತದೆ. ಕನ್ನಡ ಕಡಿಮೆ ಇರುವ ಮಗುವಿಗೇ ಮಾತು ಹೆಚ್ಚು ಬೇಕು. ಧಾಟಿ ಮಾತ್ರ ಕೊಟ್ಟು ‘ನಿನ್ನ ಭಾಷೆಯ ಹಾಡು ಬಂತು’ ಎಂದರೆ, ಮಗುವಿಗೆ ಖಾಲಿ ತಟ್ಟೆ ಕೊಟ್ಟು ಊಟವಾಯಿತು ಎಂದಂತೆ.

ಹಾಗಾದರೆ ಹೇಗೆ?

ಬರಿ ಬೈದು ಹೋಗುವುದು ಸರಿಯಲ್ಲ. ಅಳವಡಿಸುವವರಿಗೆ ನನ್ನ ಬೇಡಿಕೆಗಳು ಇವು.

ಹಾಡನ್ನು ಒಬ್ಬ ಹಾಡುಗಾರ್ತಿಯಿಂದ, ಹಾಡುಗಾರನಿಂದ ಕಲಿಯಿರಿ. ಸಿನಿಮಾದಿಂದ, ಕ್ಯಾಸೆಟ್ಟಿನಿಂದ ಕಲಿತರೆ ಹಾಗೆಂದು ಬರೆಯಿರಿ. ಹಾಡಿದವರು ಒಪ್ಪಿದರೆ ಅವರ ಹೆಸರು, ಊರು, ನೀವು ಕೇಳಿದ ದಿನಾಂಕ ಹಾಡಿನ ತಲೆಯ ಮೇಲೆ ಬರಲಿ. ಪುಸ್ತಕ ಮಾರುವುದಾದರೆ ಅವರಿಗೂ ಪಾಲು ಕೊಡಿ. ಹತ್ತು ಹಾಡಿನ ಪುಸ್ತಕಕ್ಕೆ ಹತ್ತು ಜನರಿಗೆ ಹಣ ಕೊಡುವುದು ಅಸಾಧ್ಯವಾದ ಲೆಕ್ಕವಲ್ಲ.

ಸ್ವರದ ಕೆಳಗೆ ಮಾತು ಇರಲಿ, ಕನ್ನಡ ಲಿಪಿಯಲ್ಲಿ, ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರ. ಓದಲು ಬಾರದ ಮಗುವಿಗೆ ಪಕ್ಕದಲ್ಲಿ ದೇವನಾಗರಿಯೋ ರೋಮನ್ನೋ ಇರಲಿ. ಮೊದಲ ವಾರ ಪಿಟೀಲು ಪೆಟ್ಟಿಗೆಯಲ್ಲೇ ಇರಲಿ, ಮಗು ಹಾಡಲಿ, ಕೈ ತಟ್ಟಲಿ, ನಡೆಯಲಿ.

ತಾಳವನ್ನು ಹಾಡಿನಿಂದ ತೆಗೆಯಿರಿ. ಮೂರಿದ್ದರೆ ಮೂರು, ಏಳಿದ್ದರೆ ಏಳು. ಐದು ವರ್ಷದ ಮಗುವಿಗೆ ಏಳು ಎಣಿಸುವುದು ಕಷ್ಟ ಎನ್ನುವವರು ಕೋಲಾಟದ ಮಕ್ಕಳನ್ನು ನೋಡಿಲ್ಲ.

ಧಾಟಿಯ ಕೆಳಗೆ ಗಿಟಾರಿನ ಕಾರ್ಡು ಹಾಕಬೇಡಿ. ಕಾರ್ಡು ಬಂದ ಕೂಡಲೆ ನಡುವಿನ ಗಾಂಧಾರ ಒಂದು ಕಡೆ ವಾಲಲೇಬೇಕಾಗುತ್ತದೆ. ನಮ್ಮ ತಂತಿಗಳು ಬೇರೆ ದಾರಿ ತೋರಿಸಿವೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ, ತತ್ವಪದದವರ ಏಕತಾರಿ, ಸವದತ್ತಿ ಎಲ್ಲಮ್ಮನ ಜೋಗತಿಯರ ಚೌಡಿಕೆ, ಪುಣೆಯ ಗೊಂಧಳಿಗಳ ತುಣತುಣೆ: ಎಲ್ಲವೂ ಕೆಲವೇ ತಂತಿಯ ಮೇಲೆ ಹಾಡನ್ನು ಹೊತ್ತುಕೊಂಡು ನಿಲ್ಲುವಂಥವು. ನಿನ್ನೆ ಸೇರಿದ ಮಗು ಕೂಡ ಬರಿ ತಂತಿಯಲ್ಲಿ ಸಾ–ಪಾ ಎಳೆಯಬಲ್ಲದು. ಎರಡು ವರ್ಷ ಕಲಿತ ಮಗು ಅದರ ಮೇಲೆ ಹಾಡು ನುಡಿಸಲಿ. ಮೊದಲ ದಿನದಿಂದಲೇ ಚಿಕ್ಕದಕ್ಕೂ ಮರ್ಯಾದೆಯ ಕೆಲಸ ಸಿಗುತ್ತದೆ.

ಇನ್ನು ಬಳೆಗಾರನ ಹಾಡು. ಅದು ಸವಾಲು–ಜವಾಬಿನ ಹಾಡು, ಎರಡು ಪಿಟೀಲಿಗೆ ಹೇಳಿ ಮಾಡಿಸಿದ್ದು. ದಾರಿ ಕೇಳುವ ಬಳೆಗಾರ ಗುರುವಿನ ಪಿಟೀಲು, ದಾರಿ ಹೇಳುವ ಮಗಳು ಶಿಷ್ಯೆಯ ಪಿಟೀಲು. ಕೇಳುವಾಗ ಹೇಳುವವಳ ತಂತಿ ಸುಮ್ಮನೆ ಶ್ರುತಿ ಹಿಡಿದಿರಲಿ, ಹೇಳುವಾಗ ಕೇಳುವವನದು. ದಾರಿ ಗೊತ್ತಿರುವುದು ಮಗುವಿಗೆ, ಗೊತ್ತಿಲ್ಲದಿರುವುದು ದೊಡ್ಡವರಿಗೆ. ತವರಿನ ಗುರುತುಗಳನ್ನು ಒಂದೊಂದಾಗಿ ಹೇಳುತ್ತ ಹೋಗುವ ಆ ಹೆಣ್ಣಿನ ಮಾತು ಬಾಯಲ್ಲಿ ಇದ್ದರೆ ಮಾತ್ರ ಈ ಜೋಡಿಗೆ ಜೀವ ಬರುತ್ತದೆ. ಮಾತು ಬಿಟ್ಟರೆ ಎರಡು ಪಿಟೀಲು, ನಾಲ್ಕು ಸ್ವರ.

ಅಳವಡಿಸುವವರು ಈ ಬೇಡಿಕೆಗಳನ್ನು ಹೆಚ್ಚಾಯಿತು ಎನ್ನಬಹುದು. ಹೆಚ್ಚೇನಲ್ಲ. ಒಬ್ಬ ಅನುವಾದಕಿಯಿಂದ ಓದುಗರು ದಿನವೂ ಕೇಳುವಷ್ಟೇ: ಮೂಲ ಯಾರದು ಹೇಳು, ಅದರ ಮಾತನ್ನು ಅರ್ಥಮಾಡಿಕೋ, ನಿನಗೆ ಅನುಕೂಲವಾಗಲೆಂದು ಅದರ ಅಳತೆ ಬದಲಾಯಿಸಬೇಡ. ಅಷ್ಟು ಮಾಡಲಾಗದಿದ್ದರೆ ನಮ್ಮ ಹಾಡುಗಳನ್ನು ಬಿಟ್ಟುಬಿಡಿ, ‘ಟ್ವಿಂಕಲ್’ ಇದ್ದೇ ಇದೆ. ಅದರಲ್ಲಿ ನಾಲ್ಕರ ಲೆಕ್ಕ ಸರಿಯಾಗಿದೆ, ಯಾರ ಹೆಸರನ್ನೂ ಅಳಿಸಬೇಕಾಗಿಲ್ಲ, ಅದಕ್ಕೆ ಯಾವ ಕಲ್ಲನ್ನೂ ತಿರುಗಿಸಬೇಕಾಗಿಲ್ಲ.